ಎಡಗಡೆ ಕೆಳಗಿನ ಕಲೆ

ನೋಟಮನೆ, ಗದಗ
ಮುಚ್ಚುತಿಂಗಳ ಮೂವತ್ತಮೂರನೆಯ ದಿನ, ಗಾಳಿವರ್ಷ ಇನ್ನೂರ ಹದಿನಾಲ್ಕು

ಚಿತ್ರ ಬರೆಯುವ ಪ್ರಮೋದಿನಿ ಹೊಂಬಳ ಅವರಿಗೆ, ನೀಲಗಂಗಾ ಮಾಡುವ ಶರಣು.

ಮೇಲಿನ ತಾರೀಖು ನೋಡಿ, ಯಾರದೋ ಕುಚೇಷ್ಟೆ ಎಂದುಕೊಂಡು ಕಾಗದ ಮುದುಡಿ ಎಸೆಯಬೇಡಿ. ಗಾಳಿ ದಿಕ್ಕು ಬದಲಿಸಿದ ಮೇಲೆ ನಾವು ವರ್ಷಗಳನ್ನು ಹೊಸದಾಗಿ ಎಣಿಸತೊಡಗಿದೆವು. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯ ತಿಂಗಳಲ್ಲಿ ಯಾರೂ ಬಿಸಿಲಿಗೆ ಮುಖ ತೋರಿಸುವುದಿಲ್ಲ, ಓಡಾಟವೆಲ್ಲ ನೆಲದಡಿಯ ಓಣಿಗಳಲ್ಲಿ. ಅದಕ್ಕೇ ಅದು ಮುಚ್ಚುತಿಂಗಳು. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಾಗದಗಳಿಂದ ಕಲಿತವಳು. ಹಿಂದಿನ ಕಾಲಕ್ಕೆ ಹೋಗುವ ಪತ್ರಕ್ಕೆ ಇಲ್ಲಿ ಹಿಂದೋಲೆ ಎಂದು ಹೆಸರು. ಒಬ್ಬರಿಗೆ ಜನ್ಮಕ್ಕೆ ಒಂದೇ. ಉಳಿದವರು ಅದನ್ನು ಮುತ್ತಜ್ಜನ ಕ್ಷೇಮಸಮಾಚಾರ ಕೇಳಿ ಮುಗಿಸುತ್ತಾರೆ. ನಾನು ಗುರುತಿಲ್ಲದ ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಅವ್ವ ನನ್ನನ್ನು ಮರೆತಿದ್ದಾಳೆ. ತಪ್ಪು ನನ್ನದು. ಅದನ್ನು ತಡೆಯಬಲ್ಲವರು ನೀವೊಬ್ಬರೇ.

ನಿಮ್ಮ ಚಿತ್ರವೊಂದು ನಮ್ಮಲ್ಲಿದೆ. ಈ ಪತ್ರ ತಲುಪುವಾಗ ಅದರ ಬಣ್ಣ ಇನ್ನೂ ಹಸಿಯಾಗಿರಬೇಕು. ಆಳೆತ್ತರದ ಬಟ್ಟೆ, ಬೂದಿ ಬಣ್ಣದ ಪಟ್ಟೆಗಳು, ಇಟ್ಟಿಗೆ ಕೆಂಪಿನ ಒಂದು ಮೂಲೆ, ಅಲ್ಲಲ್ಲಿ ಹಳದಿ ಗೀರು. ಮನುಷ್ಯರಿಲ್ಲ, ಮರವಿಲ್ಲ. ಇದೇನು ಗೋಡೆಗೆ ಬಳಿಯಲು ಹೋಗಿ ಬಟ್ಟೆಗೆ ಬಳಿದಿದ್ದೀರಾ ಎಂದು ನಿಮ್ಮ ಕಾಲದವರು ಕೇಳಿಯೂ ಇರಬಹುದು. ನನ್ನ ಅಜ್ಜಿಯ ಕಾಲದಲ್ಲಿ ಮರೆವುಜ್ವರ ಬಂತು. ಬದುಕಿ ಉಳಿದವರಿಗೆ, ಅವರ ಮಕ್ಕಳಿಗೂ, ಹಳೆಯದೆಲ್ಲ ಜಾರಿಹೋಗತೊಡಗಿತು. ಫೋಟೋ ತೋರಿಸಿದರು, ಜನ ತಮ್ಮದೇ ಮದುವೆಯ ಫೋಟೋ ನೋಡಿ, ಜೋಡಿ ಚೆನ್ನಾಗಿದೆ ಎಂದು ಹೊಗಳಿ ಎದ್ದು ಹೋದರು. ಆದರೆ ನಿಮ್ಮ ಚಿತ್ರದ ಮುಂದೆ ಸುಮ್ಮನೆ ಕುಳಿತಿದ್ದ ಹೆಂಗಸೊಬ್ಬಳು, ಕೆಂಪು ಮೂಲೆಯನ್ನು ನೋಡುತ್ತಾ, ರೊಟ್ಟಿ ಸೀಯುತ್ತಿದೆ ಎಂದು ಕೂಗಿ ತನ್ನ ತಾಯಿಯ ಹೆಸರು ಹೇಳಿದಳಂತೆ. ಫೋಟೋದಲ್ಲಿ ಎಲ್ಲ ಮೊದಲೇ ತುಂಬಿರುತ್ತದೆ, ನಮ್ಮದನ್ನು ಇಡಲು ಜಾಗವಿರುವುದಿಲ್ಲ. ನಿಮ್ಮ ಚಿತ್ರದಲ್ಲಿ ಜಾಗವಿತ್ತು. ಅಂದಿನಿಂದ ಎಂಟು ದಿನಕ್ಕೊಮ್ಮೆ ಊರಿಗೆ ಊರೇ ಸರದಿಯಲ್ಲಿ ಬಂದು ಕುಳಿತು, ತಮ್ಮವರನ್ನು ಕಂಡು ಹೋಗುತ್ತದೆ.

ಚಿತ್ರದಲ್ಲಿ ಒಬ್ಬೊಬ್ಬರ ನೋಟ ನೆಲೆಸುವ ಜಾಗಕ್ಕೆ ಕಣ್ಮನೆ ಎನ್ನುತ್ತೇವೆ. ಅದು ಎಲ್ಲಿದೆಯೆಂದು ಗಂಡ ಹೆಂಡತಿಗೂ ಹೇಳುವುದಿಲ್ಲ. ಹೇಳುವುದು, ಕೇಳುವುದು ಎರಡೂ ನಾಚಿಕೆಗೇಡು. ಚಿತ್ರದ ಬೆನ್ನು ನೋಡುವುದೂ ಅಷ್ಟೇ. ಈ ನಾಚಿಕೆಯೇ ನನ್ನ ಮನೆ ಹಾಳು ಮಾಡಿತು.

ಚಿತ್ರ ತೂಗುಹಾಕಿರುವ ಈ ನೋಟಮನೆಯ ಧೂಳು ಹೊಡೆಯುವ ಕೆಲಸ ನನ್ನದು. ನನ್ನ ಕೈಗೆ ಸುಮ್ಮನಿರುವ ಬುದ್ಧಿಯಿಲ್ಲ. ಎಡಗಡೆ ಕೆಳಗೆ, ಚಹಾ ಲೋಟದ ತಳದಷ್ಟು ಅಗಲಕ್ಕೆ, ಕಂದು ಉಂಗುರವೊಂದಿತ್ತು. ಚಿತ್ರವನ್ನು ನೆಲಕ್ಕೆ ಹಾಸಿ ಬಣ್ಣ ಹಚ್ಚುವಾಗ ನೀವು ಲೋಟ ಇಟ್ಟು ಮರೆತಿರಬೇಕು. ಇದು ಚಿತ್ರವಲ್ಲ, ಕೊಳೆ ಎಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎರಡೇ ಸಲಕ್ಕೆ ಹೋಯಿತು. ಖುಷಿಯೂ ಆಯಿತು, ನನ್ನ ಬುದ್ಧಿಗಿಷ್ಟು! ಮರುದಿನ ನನ್ನ ಅವ್ವ ಫಕೀರವ್ವನ ಸರದಿ. ಅವಳು ಕಲ್ಲುಬೆಂಚಿನ ಮೇಲೆ ಕುಳಿತು, ಎದ್ದು, ಮತ್ತೆ ಕುಳಿತು, ಕಳೆದ ಬೆಂಡೋಲೆ ಹುಡುಕುವವಳ ಹಾಗೆ ಚಿತ್ರವನ್ನೆಲ್ಲ ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಯವ್ವಾ, ನೀ ಯಾರ ಪೈಕಿ?" ಎಂದು ಕೇಳಿದಳು. ನಿನ್ನ ಮಗಳು ಎಂದೆ. "ಹೌದೇನವಾ, ಛಲೋ ಆತು" ಎಂದು ನಕ್ಕಳು. ಪರವೂರಿನವರ ಮಾತಿಗೆ ನಗುತ್ತಾರಲ್ಲ, ಆ ನಗು.

ಅಷ್ಟಕ್ಕೇ ನಿಂತಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೇನೋ. ಮೂರು ವಾರದ ಮೇಲೆ ಗಿರಣಿಯ ಹಸನಸಾಬ, ನಾಚಿಕೆ ಬಿಟ್ಟು, ನನ್ನ ಹತ್ತಿರ ಬಂದ. "ಚಿತ್ರದಾಗ ನಮ್ಮ ತಮ್ಮನ ಸೈಕಲ್ ಹಿಂದ ಒಂದು ಹುಡುಗಿ ಕುಂತಾಳವ್ವಾ. ನಮ್ಮ ಮನ್ಯಾಗ ಹೆಣ್ಣಮಕ್ಕಳ ಇರಲೇ ಇಲ್ಲ" ಎಂದ. ಆಮೇಲೆ ಒಬ್ಬೊಬ್ಬರೇ ಬರತೊಡಗಿದರು. ಒಬ್ಬಳ ತೊಟ್ಟಿಲ ಪಕ್ಕದಲ್ಲಿ, ಇನ್ನೊಬ್ಬಳ ಸತ್ತ ಗಂಡನ ಬೆನ್ನ ಹಿಂದೆ, ಅದೇ ಹುಡುಗಿ. ಹಸಿರು ರಿಬ್ಬನ್. ಮುಂದಿನ ಹಲ್ಲು ಅರ್ಧ ಮುರಿದಿದೆ. ಮಾತಾಡುವುದಿಲ್ಲ, ಎಲ್ಲರ ಮುಖ ನೋಡುತ್ತಾಳೆ, ಮುಂದಿನ ಮನೆಗೆ ಹೋಗುತ್ತಾಳೆ. ನಾನು ನಾಲಿಗೆ ಆಡಿಸಿ ನೋಡಿಕೊಂಡೆ. ನನ್ನ ಮುಂದಿನ ಹಲ್ಲೂ ಅರ್ಧವೇ. ಆ ಉಂಗುರವೇ ಅವ್ವನ ಕಣ್ಮನೆ, ಅದರೊಳಗೆ ಅವಳು ಇಟ್ಟುಕೊಂಡಿದ್ದ ಚಿಕ್ಕಂದಿನ ನಾನೇ ಆ ಹುಡುಗಿ. ಇರಲು ಜಾಗವಿಲ್ಲದೆ ಕಂಡವರ ನೆನಪುಗಳಲ್ಲಿ ಅವ್ವನನ್ನು ಹುಡುಕುತ್ತಿದ್ದಾಳೆ. ನನಗೆ ಹೆದರಿಕೆಯಾಗುತ್ತದೆ. ಹೇಳಬಾರದು, ಆದರೂ ಹೇಳುತ್ತೇನೆ: ನನ್ನ ಕಣ್ಮನೆಯಲ್ಲಿ ಅವ್ವ ನನ್ನ ಜಡೆ ಹೆಣೆಯುತ್ತಿದ್ದಳು. ಈಗಲೂ ಅವಳ ಕೈಗಳು ಹೆಣೆಯುತ್ತಿವೆ. ಕೈಗಳ ನಡುವೆ ತಲೆ ಇಲ್ಲ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಚಿತ್ರದ ಒಂದು ಗೀರನ್ನೂ ಬದಲಿಸಬೇಡಿ, ಎಲ್ಲಿ ಯಾರ ತಾಯಿ ಇದ್ದಾಳೋ ನನಗೆ ತಿಳಿಯದು. ಬೆನ್ನ ಮೇಲೆ ಮಾತ್ರ, ನನ್ನ ಹೆಸರು ಹಿಡಿದು, ಆ ಕಲೆ ಒರೆಸಬೇಡ ಎಂದು ಎರಡು ಸಾಲು ಬರೆದಿಡಿ.

ಇಷ್ಟು ಬರೆಯುವಾಗ ಅವ್ವ ಬಂದು ಪಕ್ಕದಲ್ಲಿ ಕುಳಿತಳು. ಸರದಿ ಇರಲಿ ಬಿಡಲಿ, ಈಗ ದಿನವೂ ಬರುತ್ತಾಳೆ. "ಯಾರಿಗೆ ಕಾಗದ ಬರ್ಯಾಕತ್ತೀ, ನಿಮ್ಮವ್ವಗೇನು? ನಂದೂ ಒಂದು ಶರಣು ಬರಿ" ಎಂದಳು. ಬರೆದಿದ್ದೇನೆ.

ಬೆನ್ನಲ್ಲಿ ಬರೆಯಲು ಜಾಗವಿದೆಯೇ ಎಂದು ನೋಡಲು ಈಗತಾನೆ ಚಿತ್ರವನ್ನು ಗೋಡೆಯಿಂದ ಇಳಿಸಿ ತಿರುಗಿಸಿದೆ. ಯಾರೂ ಮುಟ್ಟದ ಧೂಳು ಗಟ್ಟಿಯಾಗಿ ಕೂತಿತ್ತು. ಒರೆಸಿದೆ. ಅದರಡಿಯಲ್ಲಿ ಪೆನ್ಸಿಲ್ಲಿನ ಹಳೆಯ ಅಕ್ಷರ: "ನೀಲಗಂಗಾ, ಎಡಗಡೆ ಕೆಳಗಿನ ಕಲೆ ಒರೆಸಬೇಡ. ಅದು ನಿಮ್ಮ ಅವ್ವನದು." ಇನ್ನೂ ಕಳಿಸದ ಈ ಪತ್ರ ನಿಮ್ಮನ್ನು ಆಗಲೇ ಮುಟ್ಟಿದೆ. ನೀವು ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದೀರಿ. ನಾನೇ ನೋಡಲಿಲ್ಲ.

ಮೇಲೆ ಕೇಳಿದ್ದನ್ನು ಬಿಟ್ಟುಬಿಡಿ. ಬೆನ್ನ ಮೇಲೆ ಬರೆಯಬೇಡಿ. ಮುಂದೆಯೇ ಬರೆಯಿರಿ, ದಪ್ಪ ಕುಂಚದಲ್ಲಿ, ಬೂದಿ ಪಟ್ಟೆಗಳ ಮೇಲೆ, ಬಾಗಿಲಲ್ಲಿ ನಿಂತವರಿಗೂ ಕಾಣುವಷ್ಟು ದೊಡ್ಡದಾಗಿ. ಹಸನಸಾಬನ ತಮ್ಮ ಅಳಿಸಿಹೋಗಬಹುದು. ಇನ್ನೂ ಎಷ್ಟು ಜನ ತಮ್ಮವರನ್ನು ಕಳೆದುಕೊಳ್ಳುತ್ತಾರೋ. ನನ್ನನ್ನು ಬೈದುಕೊಂಡಾದರೂ ಸರಿ, ಬರೆಯಿರಿ.

ಇತಿ,
ಫಕೀರವ್ವನ ಮಗಳು
ನೀಲಗಂಗಾ