ನಾಲ್ಕು ಮೂಲೆಯ ಬಿಳಿ ಗುರುತು

ಪ್ರೀತಿಯ ಮಾಮಿಗೆ, ನಿಮ್ಮ ಸೊಸೆ ಮಾಡುವ ನಮಸ್ಕಾರ.

ಬೀಡಿ ಕಟ್ಟಿ ಕಟ್ಟಿ ನಿಮ್ಮ ಬಲಗೈ ಮೇಲೆತ್ತಲಿಕ್ಕೇ ಆಗದೆ ಹೋದದ್ದು ನೆನಪುಂಟಾ? ಮೂಡುಬಿದಿರೆಯ ಮೆಡಿಕಲ್‌ನಿಂದ ನೋವಿನ ಪಟ್ಟಿ ತಂದು ಹೆಗಲಿಗೆ ಅಂಟಿಸಿದವಳು ನಾನೇ. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಇತ್ತು, ಯಾರು ಓದುವುದು? ಬೇಗ ತೆಗೆದರೆ ಮದ್ದು ಹಾಳು ಅಂತ ಮೂರು ಮೂರು ದಿನ ಬಿಡಿಸುತ್ತಿರಲಿಲ್ಲ. ತಿಂಗಳುಗಟ್ಟಲೆ ಅದೇ ಜಾಗ.

ಒಂದು ದಿನ ನಿಮ್ಮ ಬೆನ್ನು ಉಜ್ಜುವಾಗ ಹೆಗಲಲ್ಲಿ ಬಿಳಿ ಗುರುತು ಕಂಡಿತು. ನಮ್ಮಲ್ಲಿ ಚರ್ಮ ಬೆಳ್ಳಗಾದರೆ ಮೊದಲು ನೆನಪಾಗುವುದು ನಾಗದೋಷವೇ ಅಲ್ಲವಾ. "ಮಾಮಿ, ನಾಗನಿಗೆ ಹರಕೆ ಹೇಳಿ ತಪ್ಪಿಸಿದ್ದುಂಟಾ?" ಅಂತ ಕೇಳಿದೆ.

"ಇಲ್ಲ ಮಾರಾಯ್ತಿ. ನಾಗನಿಗೆ ತಪ್ಪಿಸಿ ನನಗೆ ಅನ್ನ ಇಳಿದೀತಾ?" ಅಂದಿರಿ.

ನಾನು ನಂಬಲಿಲ್ಲ. ಏನೋ ಮುಚ್ಚಿಡ್ತಾರೆ ಅಂತಲೇ ಅನಿಸಿತು. ನಮಗೂ ಅಂಟೀತು ಅಂತ, ನೀವು ಮೈ ಒರೆಸುವ ಬೈರಾಸನ್ನು ಬೇರೆ ಹಗ್ಗದಲ್ಲಿ ಒಣಗಿಸಲು ಶುರು ಮಾಡಿದೆ. "ನನ್ನ ಬೈರಾಸಿಗೆ ಬೇರೆ ಬಿಡಾರ ಮಾಡಿದ್ದೀಯಾ" ಅಂತ ನಕ್ಕಿರಿ. ನಕ್ಕದ್ದಾ ಅದು... ನಿಮಗೆ ಹೇಳದೆ ನಾಗನ ಕಟ್ಟೆಗೆ ಹೋಗಿ ನಿಮ್ಮ ಹೆಸರಲ್ಲಿ ತಪ್ಪು ಕಾಣಿಕೆಯನ್ನೂ ಹಾಕಿ ಬಂದೆ. ನೀವು ಕಣ್ಣು ಮುಚ್ಚಿದ ದಿನವೂ ಬೈರಾಸು ಆ ಹಗ್ಗದಲ್ಲೇ ಇತ್ತು.

ಈ ವರ್ಷ ನನ್ನ ಸೊಂಟಕ್ಕೂ ಅದೇ ಪಟ್ಟಿ. ಮೊನ್ನೆ ಹಳೆಯದನ್ನು ಬಿಡಿಸುವಾಗ ಮಗಳು, "ಅಮ್ಮ, ಇದೆಂತ ಬೆಳ್ಳಗೆ? ಚೌಕ ಉಂಟಲ್ಲ" ಅಂದಳು. ನನಗೆ ಸಂಶಯ ಬಂದದ್ದು ಯಾರ ಮೇಲೆ ಗೊತ್ತಾ? ನಿಮ್ಮ ಮೇಲೆಯೇ. ನಿಮ್ಮದು ನನಗೆ ಅಂಟಿತು ಅಂತ.

ಬೆಳ್ತಂಗಡಿಯ ಚರ್ಮದ ಡಾಕ್ಟ್ರು ನೋಡಿ, "ಕೆಲವರಿಗೆ ಈ ಪಟ್ಟಿ ಆಗುವುದಿಲ್ಲ, ಅಂಟಿಸಿದ ಜಾಗದ ಬಣ್ಣ ಹೋಗ್ತದೆ. ಒಬ್ಬರಿಂದ ಒಬ್ಬರಿಗೆ ಬರುವುದಲ್ಲ" ಅಂದರು. ಅವರನ್ನೂ ನಂಬಲಿಲ್ಲ ನಾನು. ಸಮಾಧಾನಕ್ಕೆ ಹೇಳ್ತಾರೆ ಅಂತ ಮನೆಗೆ ಬಂದು, ಹೊಸ ಪಟ್ಟಿಯೊಂದನ್ನು ಗುರುತಿನ ಮೇಲೆ ಹಿಡಿದು ನೋಡಲು ಮಗಳಿಗೆ ಹೇಳಿದೆ. ಮೂಲೆಗೆ ಮೂಲೆ ಸರಿ ಉಂಟಂತೆ.

ನಾಗ ಮುನಿದರೆ ಪಟ್ಟಿಯ ಅಳತೆ ನೋಡಿ ಮುನಿಯುತ್ತಾನಾ ಮಾಮಿ? ನಿಮ್ಮ ಗುರುತಿಗೂ ನಾಲ್ಕು ಮೂಲೆ ಇತ್ತು. ನಾನು ಕಂಡಿದ್ದೆ. ಕಂಡೂ...

ಪಟ್ಟಿ ಬಿಟ್ಟಿದ್ದೇನೆ. ಬಣ್ಣ ಪುನಃ ಬಂದೇ ಬರ್ತದೆ ಅಂತ ಹೇಳಲಿಕ್ಕಾಗುವುದಿಲ್ಲವಂತೆ, ಇರಲಿ. ನಿಮ್ಮ ಬೈರಾಸನ್ನು ಪೆಟ್ಟಿಗೆಯಿಂದ ತೆಗೆದು ಒಗೆದು, ನಮ್ಮೆಲ್ಲರ ಬಟ್ಟೆಯ ಹಗ್ಗಕ್ಕೇ ಹಾಕಿದ್ದೇನೆ. ನಾಗರಪಂಚಮಿಗೆ ಕಟ್ಟೆಗೆ ಹೋಗ್ತೇನೆ. ನಿಮ್ಮ ಹೆಸರಲ್ಲಿ ಹಾಲು ಕೊಡ್ತೇನೆ. ತಪ್ಪು ಕಾಣಿಕೆ ಈ ಸಲ ನನ್ನ ಹೆಸರಲ್ಲಿ.