ದಿಂಬಿನ ಉಸಿರು

ಮನೆಯಿಂದ,
ಮಾರ್ಚ್ ೧೧, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಲಿಫ್ಟಿನ ಗುಂಡಿಗೆ ಇಳಿದು ಕೆಲಸ ಮಾಡುವವನಿಗೆ ಬೆನ್ನುನೋವು ತಪ್ಪಿದ್ದಲ್ಲ. ಆದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮಗಳು ಪುಟ್ಟಿಯ ತೂಕ ಇನ್ನೂರು ಗ್ರಾಂ ಏರಿದೆ. ಮೂಗು ಮಾತ್ರ ನನ್ನದೇ, ಪಾಪ.

ಹೊಸ ಮೈಕ್ರೋಕಂಟ್ರೋಲರ್ ಬೋರ್ಡ್ ನಿನ್ನೆ ಬಂತು. ಬೆಂಕಿಪೊಟ್ಟಣದಷ್ಟು ಪುಟ್ಟ ಕಂಪ್ಯೂಟರ್ ಅದು. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನಿಗೆ ಇಂಥ ಆಟಿಕೆ ಸಿಕ್ಕರೆ ಕೇಳಬೇಕೇ! ನೀನು ಹೋದ ಮೇಲೆ ಪುಟ್ಟಿಯ ಹೊಟ್ಟೆಗೆ ಕಟ್ಟಲು ಒಂದು ಪಟ್ಟಿ ಮಾಡಿದ್ದೆನಲ್ಲ, ಉಸಿರಾಡಿದರೆ ದೀಪ ಮಿನುಗಬೇಕು, ನಿಂತರೆ ಗಂಟೆ ಹೊಡೆಯಬೇಕು, ಅದಕ್ಕೇ ತರಿಸಿದ್ದು. ಹಳೆಯ ಬೋರ್ಡಿನ ಸಾಕೆಟ್ ಸಡಿಲವಾಗಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು, ಆಸ್ಪತ್ರೆಯಲ್ಲಿ ಎರಡು ಸಲ ಉಸಿರಾಡುವುದನ್ನೇ ಮರೆತಿತ್ತು. ಮನೆಗೆ ಬಂದ ಮೇಲೂ ಸೊಸೆ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ಪಟ್ಟಿ ಕಟ್ಟಿದ ದಿನ, "ಮಾವ, ಇನ್ನು ನಾನು ಮಲಗ್ತೀನಿ" ಅಂದಳು.

ಇವತ್ತು ಬೆಳಿಗ್ಗೆ ಅವಳು ಪುಟ್ಟಿಗೆ ಸ್ನಾನ ಮಾಡಿಸುತ್ತಿದ್ದಳು. ನನಗೋ ತಾಳ್ಮೆ ಎಲ್ಲಿದೆ? ತೊಟ್ಟಿಲಲ್ಲಿದ್ದ ದಿಂಬಿಗೇ ಪಟ್ಟಿ ಸುತ್ತಿ ಹೊಸ ಬೋರ್ಡ್ ಚಾಲೂ ಮಾಡಿದೆ. ದೀಪ ಮಿನುಗಿತು. ದಿಂಬು ಉಸಿರಾಡುತ್ತಿತ್ತು, ಮಗನೇ. ತಂತಿ ಬದಲಿಸಿದೆ, ಪ್ರೋಗ್ರಾಂ ಮತ್ತೆ ಹಾಕಿದೆ, ಅದೇ ಕತೆ. ಕೊನೆಗೆ ತೊಟ್ಟಿಲಿಗೆ ಸಿಕ್ಕಿಸಿದ್ದ ಪುಟ್ಟ ಫ್ಯಾನ್ ಆರಿಸಿದಾಗ ಗಂಟೆ ಹೊಡೆಯಿತು. ಫ್ಯಾನಿನ ನಡುಕವನ್ನೇ ಅದು ಉಸಿರೆಂದು ಎಣಿಸುತ್ತಿತ್ತು. ಸದ್ದು ಕೇಳಿ ಸೊಸೆ ಒದ್ದೆ ಕೂಸನ್ನು ಎತ್ತಿಕೊಂಡೇ ಓಡಿ ಬಂದಳು. ಸುಮ್ಮನೆ ಪರೀಕ್ಷೆ ಮಾಡುತ್ತಿದ್ದೆ ಎಂದೆ. ನಕ್ಕು ಒಳಗೆ ಹೋದಳು. ಹೊಸ ಬೋರ್ಡು ತುಸು ಹೆಚ್ಚೇ ಸೂಕ್ಷ್ಮ ಇರಬೇಕು, ಸರಿಮಾಡುತ್ತೇನೆ. ನೀನು ಗಾಬರಿಯಾಗಬೇಡ.

ಎತ್ತರದಲ್ಲಿ ಕಾಲಿಡುವಾಗ ಜೋಪಾನ. ನೂರ್ಕಾಲ ಚೆನ್ನಾಗಿ ಬಾಳು.

ಇತಿ,
ನಿನ್ನ ಅಪ್ಪ

ತಾ.ಕ.: ಇಷ್ಟು ಬರೆದ ಮೇಲೆ ಮನಸ್ಸು ತಡೆಯದೆ ಫ್ಯಾನ್ ಹಾಕಿ ಹಳೆಯ ಬೋರ್ಡನ್ನೂ ದಿಂಬಿಗೆ ಕಟ್ಟಿ ನೋಡಿದೆ. ಅದೂ ಮಿನುಗಿತು. ಐವತ್ತು ದಿನ ಅದು ಕಾದದ್ದು ಫ್ಯಾನನ್ನು, ನಮ್ಮ ಕೂಸನ್ನಲ್ಲ. ಮಾಡಿದ ದಿನ ಪುಟ್ಟಿಗೆ ಕಟ್ಟಿ ನೋಡಿ ಸಾಕೆಂದುಕೊಂಡೆ. ಉಸಿರಿಲ್ಲದ್ದಕ್ಕೆ ಕಟ್ಟಿ ನೋಡುವುದು ಅಪಶಕುನ ಅನ್ನಿಸಿತು, ಬಿಟ್ಟೆ. ಸೊಸೆ ಪಕ್ಕದ ಕೋಣೆಯಲ್ಲಿ ನನ್ನ ಪಟ್ಟಿಯನ್ನು ನಂಬಿ ಗಾಢವಾಗಿ ಮಲಗಿದ್ದಾಳೆ. ಎದ್ದೊಡನೆ ಹೇಳಲೇಬೇಕು. ನೀನು ಬೇಗ ಬಾ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಪುಟ್ಟಿಯ ಹೊಟ್ಟೆಯ ಮೇಲಿದೆ.