ಸಾಸಿವೆ ಕಾಳಿನ ಮೂಗುಬೊಟ್ಟು

ನೀರಜಾ,

ನಮ್ಮನ್ನು ಬಿಟ್ಟು ಹೋದ ಮೇಲೆ ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ಗೊತ್ತಿದ್ದರೂ ಇದನ್ನು ಕಳಿಸುವ ಧೈರ್ಯ ನನಗಿಲ್ಲ.

ಆಶಿತಾಳ ಶಾಲೆಯಲ್ಲಿ ಪಪುವಾ ನ್ಯೂಗಿನಿಯ ಮನೆಯ ಮಾಡೆಲ್ ಮಾಡಿಸುತ್ತಿದ್ದಾರೆ. ಅಲ್ಲಿ ಮನೆಯ ಮರದ ಕಂಬಗಳಲ್ಲಿ ಗತಿಸಿದ ಹಿರಿಯರ ಮುಖ ಕೆತ್ತುತ್ತಾರಂತೆ; ಮನೆಯನ್ನು ಅವರೇ ಹೊತ್ತಿರುತ್ತಾರಂತೆ. ಇವತ್ತು ಸಂಜೆ ಇವಳು ಅಲ್ ಗುಬ್ರಾದ ಈ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಜೇಡಿಮಣ್ಣಿನ ನಾಲ್ಕು ಕಂಬ ನಿಲ್ಲಿಸಿದಳು. ಮೂರರಲ್ಲಿ ತೀರಿಹೋದ ತಾತಂದಿರು ಮತ್ತು ನನ್ನಮ್ಮ. ನಾಲ್ಕನೆಯದು ನೀನು. ಮೂಗುಬೊಟ್ಟಿಗೆಂದು ಒಂದು ಸಾಸಿವೆ ಕಾಳು ಒತ್ತಿದ್ದಳು.

"ಪುಟ್ಟಿ, ಅದು ಸತ್ತೋದವರಿಗೆ ಮಾತ್ರ ಕಣಮ್ಮ," ಎಂದೆ.

"ಸೋ? ಅಮ್ಮಾನೂ ಬರಲ್ವಲ್ಲಾ ಅಪ್ಪಾ."

ಬರ್ತಾಳೆ ಅನ್ನಲೇ? ಅವಳು ನನ್ನ ಮುಖವನ್ನೇ ನೋಡುತ್ತ ಕಾದಳು. ಆಮೇಲೆ ಇಲ್ಲಿನ ಅರಬ್ಬರ ಹಾಗೆ "ಖಲಾಸ್" ಎಂದು ಹೆಬ್ಬೆರಳಿನಿಂದ ನಿನ್ನ ಕಣ್ಣು, ಬಾಯಿ ಎಲ್ಲ ಸವರಿ ನುಣ್ಣಗೆ ಮಾಡಿಬಿಟ್ಟಳು.

ಬೆಳಿಗ್ಗೆ ಅದನ್ನು ಶಾಲೆಗೆ ಒಯ್ಯಬೇಕು. ಮುಖವಿಲ್ಲದ ಆ ಕಂಬದಲ್ಲಿ ಸಾಸಿವೆ ಕಾಳು ಮಾತ್ರ ಹಾಗೇ ಉಳಿದಿದೆ. ಅದನ್ನು ಕೀಳಲು ಅವಳಿಗೂ ಕೈ ಬರಲಿಲ್ಲ, ನನಗೂ.